ಕನ್ನಡದ ಹೆಸರಿಗೆ ಕಂಗಾಲಾದ ಎಡಿಟರ್

ಮಾನ್ಯರೇ,

ನಿವೃತ್ತಿಯ ನಂತರ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಯಲು ಹೊರಟ ಗಣಿತದ ಮೇಷ್ಟ್ರು ನಾನು. ಕೋಡ್ ಬರೆಯುವ ಎಡಿಟರ್ ಒಂದನ್ನು ಹಾಕಿಕೊಂಡೆ. ತೆರೆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಚ್ಚಿಕೊಳ್ಳುತ್ತಿತ್ತು. ಮೂರು ಸಲ ತೆಗೆದು ಮತ್ತೆ ಹಾಕಿದೆ, ಎಡಿಟರಿಗೆ ಸೇರಿಸಿದ್ದ ಎಕ್ಸ್‌ಟೆನ್ಶನ್‌ಗಳನ್ನೆಲ್ಲ ಕಿತ್ತೆಸೆದೆ, ಸೆಟ್ಟಿಂಗ್ಸ್ ಫೋಲ್ಡರಿನ ಹೆಸರು ಬದಲಿಸಿದೆ. ಊಹುಂ. ಕೊನೆಗೆ ಆದೇಶ ಟೈಪ್ ಮಾಡುವ ಕಮಾಂಡ್ ಪ್ರಾಂಪ್ಟ್‌ನಿಂದ ಚಾಲೂ ಮಾಡಿದಾಗ ಗುಟ್ಟು ರಟ್ಟಾಯಿತು: ದೋಷ ತಿಳಿಸುವ ಸಾಲಿನಲ್ಲಿ ಫೋಲ್ಡರಿನ ವಿಳಾಸವಿತ್ತು, ನನ್ನ ಹೆಸರಿರಬೇಕಾದ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು! ವಿಂಡೋಸ್ ಖಾತೆಗೆ ಅಭಿಮಾನದಿಂದ ಕನ್ನಡದಲ್ಲೇ ಹೆಸರಿಟ್ಟಿದ್ದೆ; ಫೋಲ್ಡರಿಗೂ ಅದೇ ಹೆಸರು ಬಂದಿತ್ತು, ಎಡಿಟರಿಗೆ ಅದನ್ನು ಓದಲಾಗಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಹೊಸ ಖಾತೆ ಮಾಡಿದೆ. ಎಡಿಟರ್ ತೆಪ್ಪಗೆ ತೆರೆದುಕೊಂಡಿತು. ಜಗತ್ತಿನ ಭಾಷೆಗಳ ಅಕ್ಷರಗಳಿಗೆ ಕಂಪ್ಯೂಟರಿನಲ್ಲಿ ಸಂಕೇತ ಕೊಡುವ ಯುನಿಕೋಡ್‌ಗೆ ಕನ್ನಡ ಸೇರಿದ್ದು 1991ರಲ್ಲಿ. ತಂತ್ರಾಂಶ ಬರೆಯುವ ನಮ್ಮ ಹುಡುಗರು ಬಿಡುಗಡೆಗೆ ಮುನ್ನ ಕನ್ನಡ ಹೆಸರಿನ ಖಾತೆಯಲ್ಲೂ ಒಮ್ಮೆ ತೆರೆದು ನೋಡಬಾರದೇ?

– ನಿವೃತ್ತ ಶಿಕ್ಷಕ, ಸಾಗರ