ಹಾರ ಹಾಕೋದನ್ನ ಹಿಂದಿನ ಸಂಜೆಗೇ ಇಟ್ಕೊಳ್ಳಿ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪೇಪರ್‌ನ ಮೂರನೇ ಪೇಜಲ್ಲಿ ಶಿವಮೊಗ್ಗದಿಂದ ಕನ್ಯಾಕುಮಾರಿಗೆ ಹೊರಟ ಸೈಕಲ್ ತಂಡದ ಫೋಟೋ ಬಂದಿತ್ತು. ಬಾವುಟ ಹಿಡಿದೋರು, ಅವ್ರ ಅಕ್ಕಪಕ್ಕ ನಿಂತೋರು, ಅವ್ರ ಭುಜದ ಹಿಂದಿಂದ ಇಣುಕ್ತಿದ್ದೋರು ಎಲ್ರ ಮುಖನೂ ಚೆನ್ನಾಗಿ ಬಿದ್ದಿತ್ತು, ಹೆಸರು ಕೂಡ ಒಂದೂ ಬಿಡದೆ ಹಾಕಿದ್ರಿ. ಸೈಕಲ್ ಎಲ್ಲಿ ಅಂತ ಹುಡುಕಿದ್ರೆ ಬಲಗಡೆ ಮೂಲೇಲಿ ಒಂದು ಮುಂದಿನ ಚಕ್ರ ಅರ್ಧ ಕಾಣ್ತು. ಆ ಚಕ್ರದ ಬೆಂಡ್ ತೆಗೆದಿದ್ದು ನಾನೇ, ಹಂಗಾಗಿ ಗುರ್ತು ಸಿಕ್ತು.

ನಾನು ಶಿವಮೊಗ್ಗದಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಕೊಂಡಿರೋನು. ಇಂಥ ಟೂರ್‌ಗಳಿಗೆ ಮೆಕ್ಯಾನಿಕ್ ಅಂತ ಸಪೋರ್ಟ್ ಗಾಡೀಲಿ ಹೋಗ್ತೀನಿ, ಆದ್ರೆ ಅಂಗಡಿ ಬಿಟ್ಟು ಜಾಸ್ತಿ ದಿನ ಇರಕ್ಕಾಗಲ್ಲ, ಹಾಗಾಗಿ ಮಂಗಳೂರಿನ ತನಕ ಹೋಗಿ ಅಲ್ಲಿ ಇನ್ನೊಬ್ಬ ಹುಡುಗನಿಗೆ ಟೂಲ್ ಬಾಕ್ಸ್ ಕೊಟ್ಟು ಬಸ್ಸಲ್ಲಿ ವಾಪಸ್ ಬರ್ತೀನಿ. ಅಂದ್ರೆ ನಾನು ನೋಡೋದು ಯಾವಾಗ್ಲೂ ಮೊದಲನೇ ಮೂರ್ನಾಲ್ಕು ದಿನ. ಪೇಪರಲ್ಲಿ ಬರೋದು ಹೊರಟಿದ್ದೊಂದು, ಮುಟ್ಟಿದ್ದೊಂದು. ಆದ್ರೆ ಯಾರು ಕನ್ಯಾಕುಮಾರಿ ನೋಡ್ತಾರೆ, ಯಾರು ಉಡುಪೀಲಿ ಬಸ್ಸು ಹತ್ತಿ ಮನೆಗೆ ಬರ್ತಾರೆ ಅನ್ನೋದು ಈ ಮೂರ್ನಾಲ್ಕು ದಿನದಲ್ಲೇ ತೀರ್ಮಾನ ಆಗೋಗುತ್ತೆ. ಅದಕ್ಕೇ ಈ ಪತ್ರ. ಕೇಳ್ಕೊಳ್ಳೋದು ಒಂದೇ, ಸೈಕಲ್ ಹೊರಡೋ ದಿನ ಬೆಳಿಗ್ಗೆ ಕಾರ್ಯಕ್ರಮ ಇಡಬೇಡಿ.

ಈ ಸಲ ಏನಾಯ್ತು ಹೇಳ್ತೀನಿ. ಕಾರ್ಡಲ್ಲಿ ಬೆಳಿಗ್ಗೆ 6 ಗಂಟೆ ಅಂತ ಪ್ರಿಂಟ್ ಆಗಿತ್ತು. ಸವಾರರು ಐದೂವರೆಗೇ ಬಂದ್ರು, ಮಂಜು ಇನ್ನೂ ಬಿಟ್ಟಿರ್ಲಿಲ್ಲ, ಸೀಟು ಹ್ಯಾಂಡಲ್ಲು ಎಲ್ಲ ಒದ್ದೆ. ಅತಿಥಿಗಳು ಬಂದಿದ್ದು ಎಂಟೂ ಮುಕ್ಕಾಲಿಗೆ. ಬಂದ್ಮೇಲೆ ಸ್ವಾಗತ, ಪ್ರಾರ್ಥನೆ, ಪ್ರಾಸ್ತಾವಿಕ, ಆಮೇಲೆ ಪೆಟ್ರೋಲ್ ಉಳಿಸಬೇಕು ಪರಿಸರ ಉಳಿಸಬೇಕು ಅಂತ ಭಾಷಣ (ಬಂದಿದ್ದು ಮೂರು ಕಾರಲ್ಲಿ, ಭಾಷಣ ಮುಗಿಯೋ ತನಕ ಎಸಿ ಹಾಕ್ಕೊಂಡು ಇಂಜಿನ್ ಆನ್‌ನಲ್ಲೇ ಇತ್ತು), ಆಮೇಲೆ ಒಬ್ಬೊಬ್ಬ ಸವಾರರಿಗೂ ಹಾರ. ಬಾವುಟ ಬೀಸಿದಾಗ ಒಂಬತ್ತೂವರೆ. ಅಷ್ಟೊತ್ತಿಗೆ ತಿಂದಿದ್ದ ಬಾಳೆಹಣ್ಣು ಕರಗೋಗಿತ್ತು, ತುಂಬಿಸ್ಕೊಂಡಿದ್ದ ಬಾಟ್ಲಿ ನೀರು ಅರ್ಧ ಖಾಲಿ.

ಹಾರದ ಕಥೆ ಬೇರೆ. ಎಸೆಯೋದು ಹೆಂಗೆ ಅಂತ ಕಾಲೇಜ್ ಹುಡುಗ ಒಬ್ಬ ಸೇವಂತಿಗೆ ಹಾರನ ಹ್ಯಾಂಡಲ್ಲಿಗೇ ಸುತ್ಕೊಂಡು ಹೊರಟ. ಊರಿನ ಹೊರಗೆ ಒಂದು ಹಂಪ್ ಹಾರಿಸಿದ ತಕ್ಷಣ ಹಾರ ಜಾರಿ ಮುಂದಿನ ಚಕ್ರಕ್ಕೆ ಬಿತ್ತು. ದಾರ ಮೊದ್ಲು ಸ್ಪೋಕಿಗೆ ಸಿಕ್ಕಾಕ್ಕೊಂಡು ಆಮೇಲೆ ಹಬ್ ಸುತ್ತ ಹುರಿ ಥರ ಬಿಗಿದು, ಕೊನೆಗೆ ಬ್ರೇಕ್ ರಬ್ಬರ್ ಸಂದಿಗೆ ಹೂವೆಲ್ಲ ಮೆತ್ಕೊಂಡು ನಿಂತೋಯ್ತು. ಸ್ಪೀಡ್ ಇರ್ಲಿಲ್ಲ, ಹುಡುಗ ಬೀಳ್ಲಿಲ್ಲ, ಅಷ್ಟೇ ಪುಣ್ಯ. ಬ್ಲೇಡಲ್ಲಿ ಕುಯ್ದು ಕುಯ್ದು ತೆಗೆಯೋದ್ರಲ್ಲಿ ಇಪ್ಪತ್ತು ನಿಮಿಷ ಹೋಯ್ತು, ಬೇರಿಂಗ್ ಪಕ್ಕದಲ್ಲಿ ಹಳದಿ ಎಸಳು ಉಡುಪೀಲೂ ಸಿಗ್ತಿತ್ತು ನಂಗೆ.

ತಡವಾಗಿ ಹೊರಟ್ರೆ ಏನ್ ಮಹಾ ಅಂತ ಕೇಳ್ಬಹುದು. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಅರವತ್ತು ಚಿಲ್ಲರೆ ಕಿಲೋಮೀಟರ್, ಆರಕ್ಕೆ ಬಿಟ್ರೆ ನಿಧಾನಕ್ಕೆ ತುಳಿಯೋರೂ ಹನ್ನೊಂದರ ಒಳಗೆ ಮುಟ್ತಾರೆ. ಗಾಜನೂರು ದಾಟಿದ್ಮೇಲೆ ತುಂಗೆ ಪಕ್ಕ ತಂಪಲ್ಲಿ ಹೋಗೋ ರೋಡು ಅದು, ಬೆಳಿಗ್ಗೆ ಹೊತ್ತು ಲಾರಿನೂ ಕಮ್ಮಿ. ಒಂಬತ್ತೂವರೆಗೆ ಬಿಟ್ಟಿದ್ದಕ್ಕೆ ಏನಾಯ್ತು, ಭಾನುವಾರ ಬೇರೆ, ಸಕ್ರೆಬೈಲ್ ಹತ್ರ ಆನೆ ಸ್ನಾನ ನೋಡಕ್ಕೆ ಬಂದ ಕಾರುಗಳು ಎರಡೂ ಕಡೆ ನಿಂತಿದ್ವು, ನಡುವಲ್ಲಿ ಬಸ್ಸು ಹಾರನ್ ಹೊಡೀತಿದೆ, ನಮ್ಮೋರು ಟಾರ್ ಬಿಟ್ಟು ಮಣ್ಣಿಗೆ ಇಳಿದು ಸೈಕಲ್ ತಳ್ಕೊಂಡು ಹೋಗಿದ್ದು. ಗಂಟೆ ಹನ್ನೆರಡಕ್ಕೆ ಬಿಸಿಲಲ್ಲಿ ಏರು. ಈ ದಾರಿ ಬಗ್ಗೆ ಗೊತ್ತಿಲ್ದೋರಿಗೆ ಒಂದು ಮಾತು, ಶಿವಮೊಗ್ಗಕ್ಕೂ ಆಗುಂಬೆಗೂ ಸಮುದ್ರ ಮಟ್ಟದ ಲೆಕ್ಕದಲ್ಲಿ ಎತ್ತರದ ವ್ಯತ್ಯಾಸ ನೂರು ಮೀಟರ್ ಕೂಡ ಇಲ್ಲ, ಅದನ್ನ ಫೋನಲ್ಲಿ ನೋಡಿ ಸಲೀಸು ಅಂದ್ಕೊಂಡು ಬರ್ತಾರೆ. ಆದ್ರೆ ಮಲೆನಾಡು ರೋಡು ಒಂದೇ ಸಲ ಏರಲ್ಲ, ಹತ್ತಿಸಿದ್ದನ್ನೆಲ್ಲ ಇಳಿಸಿ ಮತ್ತೆ ಹತ್ತಿಸುತ್ತೆ, ದಿನ ಪೂರ್ತಿ ಅದೇ.

ಮಂಡಗದ್ದೆ ಹತ್ರ ಟೀ ಅಂಗಡಿಯಲ್ಲಿ ನಡೆದಿದ್ದನ್ನ ಬರೀಲೇಬೇಕು. ಮುಂದೆ ಹೋದ ಹುಡುಗ್ರು ಬಂದು ಬನ್ಸ್ ತಿಂದು ಟೀ ಕುಡಿದು ಕಾಲು ಚಾಚ್ಕೊಂಡು ಅರ್ಧ ಗಂಟೆಗೂ ಜಾಸ್ತಿ ಕೂತಿದ್ರು. ತಂಡದಲ್ಲಿ ರಿಟೈರ್ಡ್ ಮೇಷ್ಟ್ರು ಒಬ್ರಿದ್ರು, ಅರವತ್ತು ದಾಟಿದೆ, ಕೊನೆಗೆ ಬರ್ತಿದ್ದೋರು ಅವ್ರೇ. ಅವ್ರು ಬಂದು ಸೈಕಲ್ ಮರಕ್ಕೆ ಒರಗಿಸಿ ಹೆಲ್ಮೆಟ್ ತೆಗೆದ್ರು ನೋಡಿ, ಇವ್ರೆಲ್ಲ "ಬಂದ್ರು ಬಂದ್ರು, ಹೊರಡಾಣ" ಅಂತ ಎದ್ರು. ಯಾಕಂದ್ರೆ ತೀರ್ಥಹಳ್ಳೀಲಿ ಸನ್ಮಾನ ಕಾಯ್ತಿದೆ, ಫೋನ್ ಮೇಲೆ ಫೋನು. ಮೇಷ್ಟ್ರು ನಗ್ತಾನೇ ಕೇಳಿದ್ರು, "ನಾ ಬರೋದೇ ನಿಮ್ಗೆ ಸಿಗ್ನಲ್ಲಾ ಎಂತ ಮಾರಾಯ?" ಅಂತ. ಯಾರಿಗೂ ಉತ್ತರ ಇಲ್ಲ. ಗುಂಪಿನ ಟೂರಲ್ಲಿ ಇದು ಎಲ್ಲಾ ಕಡೆ ನಡೆಯುತ್ತೆ, ಜೋರಾಗಿ ತುಳಿಯೋನಿಗೆ ರೆಸ್ಟು, ಯಾರಿಗೆ ರೆಸ್ಟ್ ಬೇಕೋ ಅವ್ರಿಗೆ ಇಲ್ಲ. ಮೊದಲ ದಿನ ಹೀಗಾದ್ರೆ ಎರಡನೇ ದಿನ ಹಿಂದಿನೋನು ನಿಲ್ಲೋದೇ ಬಿಡ್ತಾನೆ, ನಿಂತ್ರೆ ಇನ್ನೂ ಹಿಂದೆ ಬೀಳ್ತೀನಿ ಅಂತ ನೀರೂ ಸರಿಯಾಗಿ ಕುಡಿಯಲ್ಲ, ಮೂರನೇ ದಿನ ಗಾಡೀಲಿ ನನ್ನ ಪಕ್ಕ ಕೂತಿರ್ತಾನೆ. ತಂಡದಲ್ಲಿ ನರ್ಸ್ ಕೆಲಸ ಮಾಡೋ ಅಕ್ಕ ಒಬ್ರು ಅಲ್ಲೇ ಗದರಿಸಿದ್ರು, ಕೊನೆಯವ್ರು ಬಂದ ಮೇಲೆ ಹದಿನೈದು ನಿಮಿಷ ಆಗೋ ತನಕ ಒಬ್ರೂ ಪೆಡಲ್ ಮುಟ್ಟಂಗಿಲ್ಲ ಅಂತ, ಹೇಳಿ ಮೇಷ್ಟ್ರ ಕೈಗೆ ಓಆರ್‌ಎಸ್ ಬಾಟ್ಲಿ ಕೊಟ್ರು. ತಂಡಕ್ಕೆ ನಾಯಕ ಅಂತ ಬೇರೆ ಒಬ್ರಿದ್ರು, ಅವ್ರು ಮುಂದೆ ಜೀಪಲ್ಲಿ ತೀರ್ಥಹಳ್ಳಿ ಸೇರಿ ಆಗಿತ್ತು.

ತೀರ್ಥಹಳ್ಳಿ ಮುಟ್ಟಿದ್ದು ಮೂರು ಗಂಟೆ ಮೇಲೆ. ಊಟ ಮಾಡಿ ಬೆನ್ನು ನೆಲಕ್ಕೆ ಹಾಕೋ ಹೊತ್ತಿಗೆ ಮತ್ತೆ ಕಾರ್ಯಕ್ರಮ, ಶಾಲು, ಪೇಟ, ಹಣ್ಣಿನ ಬುಟ್ಟಿ. ಹಣ್ಣಿನ ಬುಟ್ಟಿ ಕೊಡೋರು ಯೋಚನೆ ಮಾಡಲ್ವಾ, ಅದನ್ನ ಸೈಕಲ್ಲಿನ ಯಾವ ಮೂಲೆಗೆ ಕಟ್ಟೋದು ಅಂತ? ಎಲ್ಲಾ ನನ್ನ ಗಾಡೀಗೆ ಬಂತು, ಸೀಟಿನ ಕೆಳಗೆಲ್ಲ ಸೇಬು. ಮುಗಿದಾಗ ಒಂಬತ್ತು ಗಂಟೆ.

ನಂಗೆ ಹೊಟ್ಟೆ ಉರಿಯೋದು ಇಲ್ಲಿ. ಮೊದಲ ದಿನದ ಸಂಜೆ ಬೆಳಕು ಮೆಕ್ಯಾನಿಕ್‌ಗೆ ಎಷ್ಟು ಮುಖ್ಯ ಅಂತ ಯಾರಿಗೂ ತಿಳಿದಿಲ್ಲ. ಟೂರ್ ಅಂತ ಮುಕ್ಕಾಲು ಜನ ಹೊಸ ಸೈಕಲ್ ತರ್ತಾರೆ. ಹೊಸ ಗಾಡೀಲಿ ಮೊದಲ ನೂರಿನ್ನೂರು ಕಿಲೋಮೀಟರಲ್ಲಿ ಗೇರ್ ಕೇಬಲ್, ಬ್ರೇಕ್ ಕೇಬಲ್ ಸಡಿಲ ಆಗೇ ಆಗುತ್ತೆ, ಸ್ಪೋಕುಗಳು ಕೂತ್ಕೊಂಡು ಚಕ್ರ ಸ್ವಲ್ಪ ಅಲ್ಲಾಡಕ್ಕೆ ಶುರು ಮಾಡುತ್ತೆ. ಕಂಪ್ನಿ ತಪ್ಪಲ್ಲ, ಅದರ ಗುಣನೇ ಅಷ್ಟು. ಆ ಸಂಜೆ ಒಂದು ಸಲ ಎಲ್ಲಾ ಬಿಗಿ ಮಾಡಿಬಿಟ್ರೆ ಆಮೇಲೆ ಕೇರಳ ತನಕ ತೊಂದ್ರೆ ಇಲ್ಲ. ಕಲ್ಯಾಣ ಮಂಟಪದ ಹಿಂದೆ, ಪಾತ್ರೆ ತೊಳೆಯೋ ಜಾಗದಲ್ಲಿ, ಬಾಯಲ್ಲಿ ಟಾರ್ಚ್ ಕಚ್ಕೊಂಡು ಒಂದೊಂದೇ ನೋಡ್ತಾ ಬಂದೆ. ಕಾಲೇಜ್ ಹುಡುಗಿ ಒಬ್ಬಳ ಸೈಕಲ್ಲಿನ ಹಿಂದಿನ ಬ್ರೇಕ್ ಹಿಡಿದ್ರೆ ಲಿವರ್ರು ಸೀದಾ ಹಿಡಿಗೇ ಬಂದು ತಾಗ್ತಿತ್ತು, ಚಕ್ರ ನಿಲ್ತಾನೇ ಇಲ್ಲ. "ಬೆಳಿಗ್ಗೆ ಸರಿ ಇತ್ತು ಅಣ್ಣ" ಅಂದ್ಲು, ನಿಜನೇ, ಬೆಳಿಗ್ಗೆ ಸರಿ ಇತ್ತು. ಮಾರನೇ ದಿನ ಇಳಿಯಬೇಕಾಗಿದ್ದು ಆಗುಂಬೆ ಘಾಟಿ. ಆ ಕತ್ತಲೆಯಲ್ಲಿ ಆ ಒಂದು ಸೈಕಲ್ ಕಣ್ತಪ್ಪಿದ್ರೆ ಅಂತ ನೆನೆಸ್ಕೊಂಡ್ರೆ ಈಗ್ಲೂ ಒಂಥರ ಆಗುತ್ತೆ.

ಮೇಷ್ಟ್ರ ಮಂಡಿ ನೋವಿಗೂ ಅಲ್ಲೇ ಕಾರಣ ಸಿಕ್ತು, ಸೀಟು ತಗ್ಗಿತ್ತು. ನಮ್ಮ ಕಡೆ ಎಲ್ರಿಗೂ ಸೀಟಲ್ಲಿ ಕೂತಾಗ ಎರಡೂ ಕಾಲು ನೆಲ ಮುಟ್ಟಬೇಕು, ಇಲ್ದಿದ್ರೆ ಧೈರ್ಯ ಇಲ್ಲ. ಪೇಟೆಗೆ ಹೋಗಿ ಬರಕ್ಕೆ ಅದು ಸಾಕು. ದಿನಕ್ಕೆ ಅರವತ್ತು ಎಪ್ಪತ್ತು ಕಿಲೋಮೀಟರ್ ಹಂಗೇ ತುಳಿದ್ರೆ ಮಂಡಿ ಮುಂಭಾಗ ಹಿಡ್ಕೊಳ್ಳುತ್ತೆ. ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಇಟ್ರೆ ಕಾಲು ನೆಟ್ಟಗಾಗಬೇಕು, ಅದು ಲೆಕ್ಕ. ಒಂದೇ ಸಲ ಏರಿಸಿದ್ರೆ ಮಂಡಿ ಹಿಂದೆ ನೋವು ಬರುತ್ತೆ ಅಂತ ಅವತ್ತು ಒಂದು ಬೆರಳು, ಮಾರನೇ ದಿನ ಇನ್ನೊಂದು ಬೆರಳು ಏರಿಸ್ದೆ. ನಾನು ಸ್ಪ್ಯಾನರ್ ತಿರುಗಿಸ್ತಿದ್ದಾಗ ಅವ್ರು ಪಕ್ಕ ಕೂತು ಹಳೇ ಕಥೆ ಹೇಳಿದ್ರು. 1923ರಲ್ಲಿ ಬಾಂಬೆಯಿಂದ ಆರು ಜನ ಪಾರ್ಸಿ ಹುಡುಗ್ರು ಸೈಕಲ್ಲಲ್ಲಿ ಪ್ರಪಂಚ ಸುತ್ತಕ್ಕೆ ಹೊರಟಿದ್ರಂತೆ, 1928ರಲ್ಲಿ ಪೂರ್ತಿ ಸುತ್ತಿ ವಾಪಸ್ ಬಂದಿದ್ದು ಮೂರೇ ಜನ. "ಅರ್ಧಕ್ಕರ್ಧ ಬಿಟ್ಟೋಗೋದು ಹೊಸದಲ್ಲ ಕಣಯ್ಯ, ಆದ್ರೆ ಅವ್ರು ಪರ್ಷಿಯಾ ಅಮೆರಿಕ ತನಕ ಆದ್ರೂ ಹೋಗಿದ್ರು, ನಾನು ತೀರ್ಥಹಳ್ಳೀಲಿ ಬಿಟ್ರೆ ಮನೇಲಿ ಏನಂತಾರೆ" ಅಂದ್ರು.

ಆಗುಂಬೆ ದಿನ ದೇವ್ರ ದಯೆಯಿಂದ ಬೆಳಿಗ್ಗೆ ಕಾರ್ಯಕ್ರಮ ಇರ್ಲಿಲ್ಲ, ಆರಕ್ಕೆ ಬಿಟ್ವಿ, ವ್ಯತ್ಯಾಸ ಎಲ್ರಿಗೂ ಗೊತ್ತಾಯ್ತು. ಘಾಟಿ ಮೇಲೆ ನಿಲ್ಸಿ ಎಲ್ಲರ ಬ್ರೇಕ್ ಇನ್ನೊಂದ್ಸಲ ನೋಡಿ, ಹದಿನಾಲ್ಕು ತಿರುವು, ಒಬ್ಬೊಬ್ಬರ ನಡುವೆ ಗ್ಯಾಪ್ ಬಿಟ್ಟು ಇಳಿಸಿದ್ವಿ. ಒಂದೇ ಸಮ ಬ್ರೇಕ್ ಹಿಡ್ಕೊಂಡೇ ಇಳಿದ್ರೆ ರಿಮ್ಮು ಕಾದು ಟ್ಯೂಬ್ ಸಿಡಿಯೋದೂ ಉಂಟು, ಹಿಡಿದು ಬಿಟ್ಟು ಹಿಡಿದು ಬಿಟ್ಟು ಬರಬೇಕು, ಅರ್ಧದಲ್ಲಿ ಒಂದು ಕಡೆ ಅಗಲ ಜಾಗ ನೋಡಿ ನಿಂತು ಚಕ್ರ ಆರಕ್ಕೆ ಬಿಡಬೇಕು. ಅಲ್ಲಿ ನಿಂತಾಗ ಕೋತಿ ಒಂದು ಯಾರದ್ದೋ ಚಿಕ್ಕಿ ಪ್ಯಾಕೆಟ್ ಸಮೇತ ಹೋಯ್ತು, ಬೇರೆ ನಷ್ಟ ಏನಿಲ್ಲ. ಸೋಮೇಶ್ವರ ಇಳಿದ ತಕ್ಷಣ ಸೆಕೆ ಶುರು, ಹೆಬ್ರಿ ದಾಟಿ ಉಡುಪಿ ಮುಟ್ಟೋ ಹೊತ್ತಿಗೆ ಅಂಗಿ ಹಿಂಡಬಹುದು.

ಮೂರನೇ ದಿನದ ಬಗ್ಗೆ ಮರ್ಯಾದೆಯಾಗಿ ಬರೆಯೋದು ಕಷ್ಟ. ಹೊಸ ಚಪ್ಪಲಿ ಕಚ್ಚೋ ಥರ ಸೀಟು ಕಚ್ಚೋ ದಿನ ಅದು. ಮೆತ್ತಗಿರುತ್ತೆ ಅಂತ ದಪ್ಪ ಜೆಲ್ ಕವರ್ ಹಾಕಿಸ್ಕೊಂಡು ಬಂದೋರಿಗೇ ಜಾಸ್ತಿ ಹುಣ್ಣು, ಯಾಕಂದ್ರೆ ಮೆತ್ತೆ ಒಳಗೆ ಹೂತು ಎಲ್ಲಾ ಕಡೆ ಉಜ್ಜುತ್ತೆ. ಪ್ಯಾಡ್ ಇರೋ ಶಾರ್ಟ್ಸ್ ಒಳಗೆ ಮತ್ತೊಂದು ಒಳಚಡ್ಡಿ ಹಾಕೋದು ಇನ್ನೊಂದು ತಪ್ಪು. ಇದನ್ನೆಲ್ಲ ಹೊರಡೋ ಮುಂಚೆ ಕೂರಿಸ್ಕೊಂಡು ಹೇಳಬೇಕು, ಆ ಹೊತ್ತಲ್ಲಿ ನಾವು ಪರಿಸರದ ಭಾಷಣ ಕೇಳ್ತಿದ್ವಿ.

ಕಾರ್ಯಕ್ರಮನೇ ಬೇಡ ಅಂತ ನಾನು ಹೇಳ್ತಿಲ್ಲ. ಗಾಡೀಗೆ ಡೀಸೆಲ್ ಹಾಕ್ಸೋರು, ಟೀ ಶರ್ಟ್ ಕೊಡ್ಸೋರು ಅವ್ರೇ, ಅವ್ರಿಗೂ ಒಂದು ಫೋಟೋ ಬೇಕು, ನ್ಯಾಯನೇ. ಹಿಂದಿನ ದಿನ ಸಂಜೆ ಇಟ್ಕೊಳ್ಳಿ. ಅತಿಥಿಗಳು ಎರಡು ಗಂಟೆ ತಡ ಮಾಡಿದ್ರೂ ಯಾರ ಕಾಲೂ ಹೋಗಲ್ಲ, ಭಾಷಣ ಎಷ್ಟು ಉದ್ದ ಆದ್ರೂ ಆಗ್ಲಿ. ಎಲ್ಲಾ ಸೈಕಲ್ಲೂ ಸಂಜೇನೇ ಒಂದು ಕಡೆ ಬಂದು ಸೇರುತ್ತಲ್ಲ, ಅವ್ರು ಮಾತಾಡ್ತಾ ಇರ್ಲಿ, ನಾನು ಹಿಂದೆ ಒಂದೊಂದೇ ಸೀಟು, ಬ್ರೇಕು, ಗಾಳಿ ನೋಡ್ಕೋತೀನಿ. ಬೆಳಿಗ್ಗೆ ಆರಕ್ಕೆ ಬಾವುಟನೂ ಬೇಡ ಏನೂ ಬೇಡ, ಹೊರಡೋದು ಅಷ್ಟೇ. ಬ್ರೆವೆ ಅಂತ ಟೈಮ್ ಇಟ್ಕೊಂಡು ದೂರ ತುಳಿಯೋ ಸವಾರಿ ಮಾಡ್ತಾರಲ್ಲ, ಪ್ಯಾರಿಸ್ ಕ್ಲಬ್ಬಿನ ನಿಯಮದ ಪ್ರಕಾರ 200 ಕಿಲೋಮೀಟರ್ ಹದಿಮೂರುವರೆ ಗಂಟೇಲಿ ಮುಗಿಸೋದು, ಅಲ್ಲಿ ಹೊರಡೋ ಟೈಮ್ ಅಂದ್ರೆ ಟೈಮ್, ಗಡಿಯಾರ ಯಾರಿಗೂ ಕಾಯಲ್ಲ. ನಮ್ಮ ಊರಲ್ಲೂ ಅದನ್ನ ಮಾಡೋ ಹುಡುಗ್ರಿದಾರೆ, ಅವ್ರನ್ನ ಕೇಳಿ.

ಜನವರೀಲಿ ಇನ್ನೊಂದು ತಂಡ ಸಾಗರ, ಜೋಗದ ಮೇಲೆ ಗೋಕರ್ಣಕ್ಕೆ ಹೊರಡುತ್ತೆ. ಆಯೋಜಕರ ಹತ್ರ ಮಾತಾಡಿದೀನಿ, ಅತಿಥಿಗಳ ಕಾರ್ಡಲ್ಲಿ ಶನಿವಾರ ಸಂಜೆ 6 ಗಂಟೆ ಅಂತ ಹಾಕ್ಸಕ್ಕೆ ಒಪ್ಪಿದಾರೆ. ನಿಮ್ಮ ವರದಿಗಾರರನ್ನ ಮಾತ್ರ ಭಾನುವಾರ ಕಳ್ಸಿ, ಹತ್ತು ಗಂಟೆ ಸುಮಾರಿಗೆ ಆನಂದಪುರದ ಹತ್ರ ಇರ್ತೀವಿ. ಕೊನೆಗೆ ಬರೋರ ಫೋಟೋ ತೆಗೀರಿ. ಮೇಷ್ಟ್ರು ಆ ಟೂರಿಗೂ ಹೆಸ್ರು ಕೊಟ್ಟಿದಾರೆ, ಈಗ ಕೇರಳದಲ್ಲಿ ಇದಾರೆ, ನಿನ್ನೆ ಫೋನ್ ಮಾಡಿದ್ರು, ಮಂಡಿ ಸರಿ ಇದೆಯಂತೆ.

ಇಂತಿ,
ಒಬ್ಬ ಸೈಕಲ್ ರಿಪೇರಿಯವ, ಶಿವಮೊಗ್ಗ