ವೆಬ್‌ಸೈಟ್ ಮಾಡ್ಕೊಟ್ಟಲ್ಲಿಗೆ ಕೆಲ್ಸ ಮುಗಿಯಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಮ್ಮ ಶಿರಸಿ, ಯಲ್ಲಾಪುರ, ಗೋಕರ್ಣ ಕಡೆ ಈಗ ಹೋಮ್‌ಸ್ಟೇ, ಸೊಸೈಟಿ, ದೇವಸ್ಥಾನ ಅಂತ ಎಲ್ಲರೂ ವೆಬ್‌ಸೈಟ್ ಮಾಡ್ಸ್ತಿದ್ದಾರೆ, ಒಳ್ಳೇದೇ. ಆದ್ರೆ ಎರಡು ವರ್ಷ ಬಿಟ್ಟು ಅದೇ ಅಡ್ರೆಸ್ ಹಾಕಿ ನೋಡಿದ್ರೆ ಎಷ್ಟೋ ಸೈಟು ಓಪನ್ನೇ ಆಗಲ್ಲ, ಕೆಲವದ್ರಲ್ಲಿ ಜೂಜಿನ ಜಾಹೀರಾತು ಬರ್ತದೆ. ನಾನೂ ಇದೇ ಕೆಲ್ಸದಲ್ಲಿರೋನು, ಕಾರಣ ಹೇಳ್ತೇನೆ. ಸೈಟ್ ಮಾಡಿದ ಹುಡುಗ ಡೊಮೇನನ್ನ, ಅಂದ್ರೆ ಸೈಟಿನ ಅಡ್ರೆಸ್ ಹೆಸರನ್ನ, ತನ್ನ ಇಮೇಲಲ್ಲೇ ತಗೊಂಡಿರ್ತಾನೆ, ಆಮೇಲೆ ಬೆಂಗಳೂರಲ್ಲಿ ನೌಕರಿ ಸಿಕ್ಕಿ ಹೋಗ್ತಾನೆ, ರಿನ್ಯೂ ಮಾಡಿ ಅನ್ನೋ ಮೇಲ್ ಎಲ್ಲ ಅವನಿಗೇ ಹೋಗ್ತದೆ, ಮಾಲೀಕರಿಗೆ ಗೊತ್ತೇ ಆಗಲ್ಲ. ಡಾಟ್ ಕಾಮ್ ಹೆಸರಾದ್ರೆ ಅವಧಿ ಮುಗಿದು ಡಿಲೀಟಿಗೆ ಹಾಕಿದ್ಮೇಲೂ ದಂಡ ಕಟ್ಟಿ ಬಿಡಿಸ್ಕೊಳ್ಳೋಕೆ 30 ದಿನ ಇರ್ತದೆ, ಅದೂ ದಾಟಿದ್ರೆ ಮತ್ತೆ 5 ದಿನಕ್ಕೆ ಯಾರು ಬೇಕಾದ್ರೂ ತಗೋಬಹುದು. ಬೋರ್ಡಲ್ಲಿ, ರಸೀದಿ ಪುಸ್ತಕದಲ್ಲಿ ಅಚ್ಚು ಹಾಕ್ಸಿದ ಹೆಸರು ಬೇರೆಯವರ ಪಾಲು.

ಡೆವಲಪರ್ ಅಂದ್ರೆ ಚಂದ ಪೇಜ್ ಮಾಡೋನು ಅಷ್ಟೇ ಅಂತ ತುಂಬ ಜನ ತಿಳ್ಕೊಂಡಿದ್ದಾರೆ, ಬೇಜಾರು ಅಂದ್ರೆ ನಮ್ಮವರೇ ಕೆಲವರು ಹಾಗೇ ನಡ್ಕೊಳ್ತಾರೆ. ಡೊಮೇನ್, ಹೋಸ್ಟಿಂಗ್ (ಸೈಟ್ ಇಡೋ ಬಾಡಿಗೆ ಜಾಗ) ಮಾಲೀಕರ ಹೆಸರಲ್ಲೇ ಮಾಡ್ಸೋದು, ಬ್ಯಾಕಪ್ ಇಡೋದು, ಸೈಟ್ ಕಟ್ಟೋ ವರ್ಡ್‌ಪ್ರೆಸ್ ಸಾಫ್ಟ್‌ವೇರಿಗೆ ಸೇರಿಸೋ ಪ್ಲಗಿನ್ ಅನ್ನೋ ಸಣ್ಣ ಪ್ರೋಗ್ರಾಂಗಳನ್ನ ಅಪ್‌ಡೇಟ್ ಮಾಡೋದು, ಇದೂ ನಮ್ಮ ಜವಾಬ್ದಾರಿಯೇ. ಹೆಚ್ಚಾಗಿ ಹಳೇ ಪ್ಲಗಿನ್ ಸಂದಿಯಿಂದನೇ ಹ್ಯಾಕ್ ಮಾಡೋರು ಒಳಗೆ ಬರೋದು.

ಜೋಯಿಡಾ ಕಡೆ ಹಳ್ಳಿಲಿ ಕೂತು ಮೊಬೈಲಲ್ಲಿ ಸೈಟ್ ತೆರೆಯೋರನ್ನೂ ನೆನಪಿಟ್ಕೋಬೇಕು, ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಅಲ್ಲಿ ನೆಟ್‌ವರ್ಕೂ ಹೋಗ್ತದೆ. ಕ್ಯಾಮೆರಾದಿಂದ ಬಂದ 6 ಎಂಬಿ ಫೋಟೋನ ಹಾಗೇ ಏರಿಸಿದ್ರೆ ಅವ್ರಿಗೆ ಬಿಳಿ ಸ್ಕ್ರೀನೇ ಗತಿ. ಅದನ್ನೇ 1200 ಪಿಕ್ಸೆಲ್ ಅಗಲಕ್ಕೆ ಇಳಿಸಿ ವೆಬ್‌ಪಿ ಅನ್ನೋ ಹಗುರ ಫೋಟೋ ಫಾರ್ಮ್ಯಾಟಿಗೆ ಮಾಡಿದ್ರೆ ಹೆಚ್ಚಿನ ಫೋಟೋ 200-300 ಕೆಬಿ ಒಳಗೆ ಬರ್ತದೆ, ಮೊಬೈಲಲ್ಲಿ ನೋಡೋರಿಗೆ ವ್ಯತ್ಯಾಸನೂ ಗೊತ್ತಾಗಲ್ಲ.

ಕನ್ನಡದ ನೋಟಿಸನ್ನ ಫೋಟೋ ಮಾಡಿ ಹಾಕೋದಂತೂ ದಯವಿಟ್ಟು ಬಿಡ್ಬೇಕು. ಎಲ್ಲ ಫೋನು, ಕಂಪ್ಯೂಟರಲ್ಲೂ ಓದೋಕೆ ಬರೋ ಯೂನಿಕೋಡ್ ಅಕ್ಷರದಲ್ಲಿ ಟೈಪ್ ಮಾಡಿ ಹಾಕಿದ್ರೆ ಗೂಗಲಲ್ಲೂ ಸಿಗ್ತದೆ, ಕಣ್ಣು ಕಾಣದವರಿಗೆ ಫೋನೇ ಓದಿ ಹೇಳ್ತದೆ.

ಸೈಟ್ ಮಾಡ್ಸೋರಲ್ಲಿ ನನ್ನ ವಿನಂತಿ ಇಷ್ಟೇ, ಡೊಮೇನ್ ಮತ್ತೆ ಹೋಸ್ಟಿಂಗ್ ಲಾಗಿನ್ ಕೈಗೆ ಬಂದು, ನೀವೇ ಒಂದ್ಸಲ ಒಳಗೆ ಹೋಗಿ ನೋಡೋತನಕ ಕೊನೇ ಕಂತು ಕೊಡ್ಬೇಡಿ.

– ಒಬ್ಬ ವೆಬ್ ಡೆವಲಪರ್, ಶಿರಸಿ