ಎನ್‌ಎಂಎಂಎಸ್ ಹಣ ಪಿಯುಸಿಗೇ ನಿಲ್ಲಬಾರದು

ಮಾನ್ಯ ಸಂಪಾದಕರೇ,

ನಮ್ಮ ಶಾಲೆಯಲ್ಲಿ ಓದಿದ ಹುಡುಗಿಯೊಬ್ಬಳು ಈ ಸಲ ನೀಟ್ ಬರೆದು ಸರ್ಕಾರಿ ಮೆಡಿಕಲ್ ಕಾಲೇಜಿಗೆ ಸೇರಿದಳು. ಎಂಟನೇ ತರಗತಿಯಲ್ಲೇ ಎನ್‌ಎಂಎಂಎಸ್ ಪರೀಕ್ಷೆ ಪಾಸಾಗಿ, ಬಡ ಮನೆಯ ಪ್ರತಿಭಾವಂತ ಮಕ್ಕಳಿಗೆ ಕೇಂದ್ರ ಸರ್ಕಾರ ಕೊಡುವ ಆ ಸ್ಕಾಲರ್‌ಶಿಪ್ ಪಡೆದವಳು. ತಾಯಿ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾರೆ. ಸಂಜೆ ಮನೆಗೆ ಬಂದರೆ ಕೈ ಉರಿ ಆರುವ ತನಕ ರೊಟ್ಟಿ ಬಡಿಯೋಕೂ ಆಗುವುದಿಲ್ಲ. ಆ ಮನೆಯ ಮಗಳು ಡಾಕ್ಟರ್ ಆಗುತ್ತಾಳೆ ಅಂದರೆ ಊರಿಗೆಲ್ಲ ಖುಷಿ. ವಿಜ್ಞಾನ ಕಲಿಸಿದ ನನಗೆ ಇನ್ನೂ ಜಾಸ್ತಿ.

ಆದರೆ ಹಣ ಬೇಕಾದ ಹೊತ್ತಿಗೆ ಅವಳ ಸ್ಕಾಲರ್‌ಶಿಪ್ ಮುಗಿದಿತ್ತು. ಎನ್‌ಎಂಎಂಎಸ್ ಬರುವುದು ಒಂಬತ್ತನೇ ತರಗತಿಯಿಂದ ದ್ವಿತೀಯ ಪಿಯುಸಿ ತನಕ, ತಿಂಗಳಿಗೆ 1,000 ರೂಪಾಯಿ. 2017ರಲ್ಲಿ 500 ಇದ್ದದ್ದನ್ನು 1,000 ಮಾಡಿದರು, ಆಮೇಲೆ ಏರಿಸಿಲ್ಲ. ಇನ್ನೊಂದು ಷರತ್ತೂ ಇದೆ. ಪಿಯುಸಿಯನ್ನು ಸರ್ಕಾರಿ ಇಲ್ಲವೇ ಅನುದಾನಿತ ಕಾಲೇಜಿನಲ್ಲೇ ಓದಬೇಕು. ನೀಟ್ ತರಬೇತಿ ಸಿಗುತ್ತದೆ ಅಂತ ಅನುದಾನರಹಿತ ಖಾಸಗಿ ಕಾಲೇಜಿಗೆ ಹೋದರೆ ಹಣ ನಿಲ್ಲುತ್ತದೆ. ಈ ಹುಡುಗಿ ಸರ್ಕಾರಿ ಕಾಲೇಜಿನಲ್ಲೇ ಉಳಿದು, ಮೊಬೈಲಿನಲ್ಲಿ ಪಾಠ ಕೇಳಿ ಓದಿದಳು.

ಸೇರುವ ವಾರ ಖರ್ಚಿನ ಪಟ್ಟಿಯ ಫೋಟೊ ನನಗೆ ಕಳಿಸಿದ್ದಳು. ಹಾಸ್ಟೆಲ್ ಡಿಪಾಸಿಟ್, ಮೆಸ್ ಬಿಲ್ಲು, ಏಪ್ರನ್, ಡಿಸೆಕ್ಷನ್ ಕಿಟ್, ಅನಾಟಮಿ ಪುಸ್ತಕಗಳು. ಎಲ್ಲದರ ಮುಂದೆ ಬೆಲೆ ಇತ್ತು. ‘ಬೋನ್ ಸೆಟ್’ (ಕಲಿಕೆಗೆ ಬೇಕಾದ ಮೂಳೆಗಳು) ಮುಂದೆ ಮಾತ್ರ ‘ಸೀನಿಯರ್ ಹತ್ತಿರ ಹಳೇದು ಕೇಳಬೇಕು’ ಅಂತ ಬರೆದಿದ್ದಳು. ಕೊನೆಗೆ ತಾಯಿ ಕೆಲಸ ಮಾಡುವ ಕಡೆಯೇ ಮುಂಗಡ ತಂದರು. ಅದನ್ನು ಸುಗ್ಗಿಯಲ್ಲಿ ಕೂಲಿಯಿಂದ ಮುರಿದುಕೊಳ್ಳುತ್ತಾರೆ.

ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿ ಇದೆಯಲ್ಲ ಎಂದು ಕೆಲವರು ಕೇಳಬಹುದು. ಇದೆ, ಅದರಿಂದ ಸಾವಿರಾರು ಮಕ್ಕಳಿಗೆ ಉಪಕಾರವೂ ಆಗಿದೆ. ಆದರೆ ಅದು ಕಾಲೇಜಿಗೆ ಸೇರಿದ ಮೇಲೆ ಅರ್ಜಿ ಹಾಕಿ, ಪರಿಶೀಲನೆ ಮುಗಿದು ಬರುವ ಹಣ. ಮೊದಲ ವಾರದ ಖರ್ಚಿಗೆ ಆಗುವುದಿಲ್ಲ. ಕೇಂದ್ರದ ಇನ್‌ಸ್ಪೈರ್ ಸ್ಕಾಲರ್‌ಶಿಪ್ ವರ್ಷಕ್ಕೆ 80,000 ರೂಪಾಯಿ. ಅದು ಮೂಲ ವಿಜ್ಞಾನ ಓದುವವರಿಗೆ ಮಾತ್ರ, ಮೆಡಿಕಲ್‌ಗೆ ಇಲ್ಲ.

ಎಂಟನೇ ತರಗತಿಯಲ್ಲೇ ಸರ್ಕಾರ ಪರೀಕ್ಷೆ ಮಾಡಿ, ಆದಾಯ ನೋಡಿ, ‘ಈ ಮಗು ಬಡತನಕ್ಕೆ ಓದು ಬಿಡಬಾರದು’ ಅಂತ ಆರಿಸುತ್ತದೆ. ಅದೇ ಮಗು ಎಂಬಿಬಿಎಸ್ ಸೀಟು ಗಳಿಸಿದಾಗ ಕೈ ಬಿಟ್ಟರೆ ಹೇಗೆ? ಮುಂದಿನ ನಾಲ್ಕೂವರೆ ವರ್ಷದ ಓದಿನಲ್ಲಿ ದುಡಿದು ಓದೋಣ ಅಂದರೂ ಬಿಡುವಿರುವುದಿಲ್ಲ. ಇಂಟರ್ನ್‌ಶಿಪ್ ಬರುವ ತನಕ ಸ್ಟೈಪೆಂಡ್ ಕೂಡ ಇಲ್ಲ. ನರ್ಸಿಂಗ್, ಎಂಜಿನಿಯರಿಂಗ್ ಸೇರುವ ಮಕ್ಕಳ ಕಥೆಯೂ ಹೆಚ್ಚುಕಮ್ಮಿ ಇದೇ.

ನಮ್ಮ ಸಂಸದರು ಇದನ್ನು ಕೇಂದ್ರ ಶಿಕ್ಷಣ ಸಚಿವಾಲಯದ ಮುಂದೆ ಇಡಬೇಕೆಂದು ಕೇಳಿಕೊಳ್ಳುತ್ತೇನೆ. ಎನ್‌ಎಂಎಂಎಸ್ ಪಡೆದ ಮಕ್ಕಳು ವೃತ್ತಿಪರ ಕೋರ್ಸ್ ಸೇರಿದರೆ ಕೋರ್ಸ್ ಮುಗಿಯುವ ತನಕ ಸ್ಕಾಲರ್‌ಶಿಪ್ ಮುಂದುವರಿಸಲಿ, ಮೊತ್ತವನ್ನೂ ಹೆಚ್ಚಿಸಲಿ. ಅಲ್ಲಿಯ ತನಕ ರಾಜ್ಯ ಸರ್ಕಾರವಾದರೂ ಸೀಟು ಖಚಿತವಾದ ವಾರವೇ ಮೊದಲ ಕಂತು ಕೊಡಲಿ. ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಈ ಮಕ್ಕಳ ಹತ್ತಿರ ಒಂಬತ್ತನೇ ತರಗತಿಯಿಂದಲೇ ಇದೆ.

– ವಿಜ್ಞಾನ ಶಿಕ್ಷಕಿ, ಸರ್ಕಾರಿ ಪ್ರೌಢಶಾಲೆ, ಹಾವೇರಿ ಜಿಲ್ಲೆ